ತಾಂಬೂಲದ ಬಣ್ಣದ ನೆಲ

ಕೋಟೆ ಬೀದಿ, ಮಳವಳ್ಳಿ
೨೦ನೇ ಮಾರ್ಚ್ ೧೯೪೬, ಬುಧವಾರ

ಪ್ರೀತಿಯ ಮಗಳು ಮರಿತಾಯಿಗೆ,

ನಿನ್ನ ಮಾವ ಮರಿಸಿದ್ದಯ್ಯ ಮಾಡುವ ಮನಸಾರೆ ಆಶೀರ್ವಾದಗಳು. ನಾನೂ ನಿನ್ನ ಅತ್ತೆಯೂ ಕ್ಷೇಮ. ನಿನ್ನ ಕೆಮ್ಮು ಹೇಗಿದೆ ತಾಯಿ? ಹಾಸ್ಟೆಲಿನ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕು ಎಂದು ಬರೆದಿದ್ದೆಯಲ್ಲ, ಆ ಮಾತು ಕೇಳಿದಾಗಿನಿಂದ ನಿನ್ನ ಅತ್ತೆ ಬೆಟ್ಟಮ್ಮನಿಗೆ ನೆಮ್ಮದಿಯಿಲ್ಲ. ಹುರುಳಿ ಹುರಿದು ಸಾರಿನ ಪುಡಿ ಮಾಡಿಟ್ಟಿದ್ದಾಳೆ, ಕಳಿಸಲು ಬಿಗಿ ಮುಚ್ಚಳದ ಡಬ್ಬ ಸಿಕ್ಕಿಲ್ಲ. ಸಿಗುವ ತನಕ ಮೆಣಸಿನ ಕಷಾಯ ಕುಡಿ, ತಣ್ಣೀರಲ್ಲಿ ತಲೆ ತೊಳೆಯಬೇಡ. ಟ್ರೇನಿಂಗ್ ಪರೀಕ್ಷೆ ಚೆನ್ನಾಗಿ ಆಯಿತೆಂದು ತಿಳಿದು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಳ್ಳಿ ಹಳ್ಳಿ ಅಲೆದು ಮಕ್ಕಳಿಗೆ ಕಾಗುಣಿತ ತಿದ್ದಿಸಿದ ಮೇಷ್ಟ್ರ ಸೊಸೆ ತಾನೂ ಮೇಡಂ ಆಗುತ್ತಾಳೆಂದು ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಕೆಲವರು ನನ್ನನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಾರೆ.

ಹೋದ ವಾರ ಬಂದ ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಓದಬಾರದಿತ್ತು. ಯುಗಾದಿಗೆ ಬರುವುದಿಲ್ಲ, ಹೊಸ ನೆಲದ ಮೇಲೆ ಮೊದಲು ಮುತ್ತೈದೆಯರು ಓಡಾಡಲಿ, ಗಂಡ ಸತ್ತವಳು ಶುಭದ ಹೊತ್ತಿನಲ್ಲಿ ಎದುರಿಗೆ ನಿಲ್ಲಬಾರದು ಎಂದೆಲ್ಲ ಬರೆದಿದ್ದೆ. ಅದೂ ಸಾಲದೆಂದು, ನಮ್ಮೂರ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಜಾಗ ಖಾಲಿ ಇದ್ದರೂ ಚಿತ್ರದುರ್ಗದ ಕಡೆಗೆ ಹಾಕಿಸಿಕೊಳ್ಳುತ್ತೇನೆ ಎಂದು ಬೇರೆ. ಬೆಟ್ಟಮ್ಮನ ಕೈಯಲ್ಲಿ ಮುದ್ದೆಕೋಲಿತ್ತು. ಅದನ್ನು ನನ್ನ ಮೂಗಿನ ಮುಂದೆ ಆಡಿಸುತ್ತಾ, ‘ಎದ್ರಿಗ್ ನಿಲ್ಬಾರ್ದು ಅಂತ ಯಾವ ಬಾಯಿ ಏಳ್ತು? ನಾನೇಳಿದ್ನಾ? ನೀವೇಳಿದ್ರಾ? ಈ ನೆಲ ಮಾಡ್ಸಿದ್ದು ಯಾರಿಗೆ, ದನಕ್ಕಾ?’ ಎಂದು ಕೂಗಾಡಿದಳು. ನೀನು ಬರೆದದ್ದಕ್ಕೆ ಬೈಗುಳ ನನಗೆ. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಮುದ್ದೆ ಗಂಟಾಯಿತೆಂದು ಅದಕ್ಕೂ ನನ್ನನ್ನೇ ಬೈದಳು.

ಈಗ ನೆಲದ ಕಥೆ ಹೇಳುತ್ತೇನೆ, ಕೇಳು. ನಮ್ಮ ಮಗ ನಾಗಯ್ಯ ಬ್ಲಫ್‌ನ ಜಲಪಾತದ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದಾಗ ನಿನ್ನನ್ನು ಒಮ್ಮೆ ಇಂಜಿನಿಯರರ ಬಂಗಲೆಗೆ ಕರೆದುಕೊಂಡು ಹೋಗಿದ್ದನಂತೆ. ಅಲ್ಲಿಯ ಕಡುಗೆಂಪು ನೆಲದಲ್ಲಿ ಮುಖ ಕಾಣುತ್ತದೆ ಎಂದು ರಾಗಿ ಬೀಸುವಾಗೆಲ್ಲ ನೀನು ಅತ್ತೆಗೆ ಹೇಳುತ್ತಿದ್ದೆ. ಅವಳು ‘ನೆಲದಾಗ್ ಮುಕ ನೋಡ್ಕಂಡು ಏನ್ ಮಾಡೀಯೆ, ಕನ್ನಡಿ ಇಲ್ವಾ?’ ಎನ್ನುತ್ತಿದ್ದಳು. ಅನ್ನುವುದು ಹಾಗೆ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಹೀಗೆ. ಸಂಕ್ರಾಂತಿ ಕಳೆದದ್ದೇ ತಡ, ಸಗಣಿ ಸಾರಿಸಿ ಸಾರಿಸಿ ಸೊಂಟ ಬಿದ್ದುಹೋಯಿತು, ಮನೆಯೆಲ್ಲ ಕೆಂಪು ಗಾರೆ ಆಗಬೇಕು ಎಂದು ಹಟ ಹಿಡಿದಳು. ಸೊಂಟದ ಮಾತು ಬರೀ ನೆಪವೆಂದು ನನಗೆ ಗೊತ್ತಿತ್ತು.

ಮದ್ದೂರಿನಿಂದ ಗಾರೆ ನಿಜಾಮುದ್ದೀನ್ ಸಾಬರು ಬಂದರು. ಕೆಲಸದಲ್ಲಿ ಗಟ್ಟಿಗರು, ಮಾತಿನಲ್ಲಿ ಇನ್ನೂ ಗಟ್ಟಿಗರು. ತಾನು ಹಾಕಿದ ನೆಲದ ಮೇಲೆ ಇರುವೆಯೂ ಜಾರುತ್ತದೆ ಎಂದು ಮೊದಲ ದಿನವೇ ಹೇಳಿಕೊಂಡರು. ಬಣ್ಣ ಎಷ್ಟು ಗಾಢವಾಗಿರಬೇಕು ಎಂದು ಕೇಳಿದ್ದಕ್ಕೆ ನಿನ್ನ ಅತ್ತೆ ಏನು ಮಾಡಿದಳು ಗೊತ್ತೇ? ಎಲೆ ಅಡಿಕೆ ಹಾಕಿಕೊಂಡು, ಚೆನ್ನಾಗಿ ಜಗಿದು, ಪರಪುರುಷರ ಮುಂದೆ ನಾಲಿಗೆ ಚಾಚಿ, ‘ನೋಡಪ್ಪ, ಈ ಬಣ್ಣ ಬರ್ಬೇಕು’ ಎಂದಳು! ನನಗೆ ನಾಚಿಕೆಯಿಂದ ಭೂಮಿಗೆ ಇಳಿಯುವಂತಾಯಿತು. ಸಾಬರೇನು ಕಡಿಮೆಯೇ, ಅವರೂ ಬಾಯಲ್ಲಿದ್ದ ತಾಂಬೂಲವನ್ನು ಒಂದು ಕಡೆಗೆ ಸರಿಸಿ ತಮ್ಮ ನಾಲಿಗೆ ತೋರಿಸಿದರು. ‘ನಿಮ್ದು ಎಳೇ ಕೆಂಪು ಅಮ್ಮಾವ್ರೇ, ನಂದು ನೋಡಿ, ಇದು ಬಂಗ್ಲೆ ಕೆಂಪು’ ಎಂದರು. ಕೊನೆಗೆ ಸಾಬರ ನಾಲಿಗೆಯ ಬಣ್ಣವೇ ಆಗಬಹುದೆಂದು ತೀರ್ಮಾನವಾಯಿತು.

ಸುಣ್ಣ ಮರಳು ಅರೆದು, ಬೆಲ್ಲದ ನೀರು ಬೆರೆಸಿ, ಮೇಲಿನ ಪದರಕ್ಕೆ ಕೆಂಪು ಪುಡಿ ಕಲಸಿ, ಕರಣೆಯಲ್ಲಿ ಎಳೆದೆಳೆದು ನೆಲ ಮಾಡಿದರು. ಬೆಲ್ಲದ ವಾಸನೆಗೆ ಬೀದಿಯ ನೊಣವೆಲ್ಲ ನಮ್ಮ ಮನೆಯಲ್ಲಿ. ಪಡಸಾಲೆ, ನಡುಮನೆ, ಅಡುಗೆಮನೆ, ನಿನ್ನ ಕೋಣೆ, ಎಲ್ಲ ಕಡೆಯೂ ಒಂದೇ ಕೆಂಪು. ಸುತ್ತ ಒಂದು ಬೆರಳಿನಗಲ ಕಪ್ಪು ಅಂಚು ಕೊಟ್ಟಿದ್ದಾರೆ, ಒಳ್ಳೆ ಇಳಕಲ್ ಸೀರೆಯ ಹಾಗಿದೆ. ಕೆಲಸ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಸವರಿ, ನುಣ್ಣನೆಯ ಗುಂಡುಕಲ್ಲಿನಲ್ಲಿ ಉಜ್ಜುತ್ತಾ, ಒಳಗಿನಿಂದ ಹಿಂದೆ ಹಿಂದೆ ಸರಿದು ಬಂದು, ಹೊಸ್ತಿಲು ದಾಟಿ ಆಚೆ ನಿಂತು ಸಲಾಂ ಮಾಡಿದರು. ಸುಳ್ಳು ಹೇಳಬಾರದು, ಹೊಸ್ತಿಲಿನಿಂದ ಬಗ್ಗಿ ನೋಡಿದರೆ ನನ್ನ ಬೋಳುತಲೆ ಸಹಿತ ಕಾಣುತ್ತದೆ.

ಅದಕ್ಕೂ ಮುಂಚೆ ಗೋಡೆಯ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಪೆನ್ಶನ್ ಬಂದವನಿಗೆ ಇನ್ನೇನು ಕೆಲಸ ಹೇಳು. ಕೆಮ್ಮಣ್ಣು ತರಿಸಿ, ಸೋಸಿ, ಅಂಟಿನ ನೀರಿನಲ್ಲಿ ಕಲಸಿ, ತೆಂಗಿನ ನಾರಿನ ಕುಂಚದಲ್ಲಿ ಸೊಂಟದೆತ್ತರಕ್ಕೆ ಬಳಿದೆ. ಗೋಡೆಗೆ ಅರ್ಧ, ನನಗೆ ಅರ್ಧ. ಪಂಚೆ, ಬನಿಯನ್ನು, ಮೀಸೆ ಎಲ್ಲ ಕಾವಿ. ಎದುರುಮನೆ ಕೆಂಪಸಿದ್ದಯ್ಯ ನೋಡಿ, ‘ಏನ್ ಮೇಷ್ಟ್ರೇ, ಸನ್ನೇಸಿ ಆಗ್ಬುಟ್ರಾ? ಬೆಟ್ಟಮ್ನೋರು ಬುಟ್ಟಾರಾ?’ ಎಂದು ಕೇಳಿದ. ಬೆಟ್ಟಮ್ಮ ಒಳಗಿನಿಂದಲೇ, ‘ಕರ್ಕಂಡೋಗಪ್ಪ, ಪುಣ್ಯ ಬತ್ತದೆ’ ಎಂದಳು. ನೋಡು, ನನ್ನ ಬೆಲೆ ಇಷ್ಟು.

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸ್ವಲ್ಪ ಸುಣ್ಣ ಉಳಿದಿತ್ತು, ನನ್ನ ಕೈ ಸುಮ್ಮನಿರಲಿಲ್ಲ. ಬೀದಿ ಬಾಗಿಲಿಗೆ ನೇರವಾಗಿ ಕಾಣುವ ನಡುಮನೆಯ ಗೋಡೆಗೆ ಕೆಂಪು ಬಿಳಿ, ಕೆಂಪು ಬಿಳಿ ಎಂದು ಉದ್ದುದ್ದ ಪಟ್ಟೆ ಎಳೆದೆ. ಬಲು ಅಂದವೆಂದು ನಾನೇ ಮೆಚ್ಚಿಕೊಂಡೆ. ಅಂಥ ಪಟ್ಟೆ ಯಾವ ಗೋಡೆಗೆ ಬಳಿಯುತ್ತಾರೆ ಎನ್ನುವುದು ಈ ಸೀಮೆಯ ಕೂಸಿಗೂ ಗೊತ್ತು, ನನಗೆ ಮಾತ್ರ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಹೋದ ಶನಿವಾರ ಬೆಳಿಗ್ಗೆ ಬೆಟ್ಟಮ್ಮ ಹೊಸ್ತಿಲ ಮೇಲೆ ದೀಪ ಹಚ್ಚಿಟ್ಟು ಹೂ ಇಟ್ಟಿದ್ದಳು. ಚಿಕ್ಕರಸಿನಕೆರೆ ಕಡೆಯಿಂದ ಮುತ್ತತ್ತಿ ದೇವರ ದರ್ಶನಕ್ಕೆ ನಡೆದು ಹೊರಟ ಹೆಂಗಸರ ಒಂದು ಗುಂಪು ಬೀದಿಯಲ್ಲಿ ಬಂತು. ಪಟ್ಟೆ ಗೋಡೆ, ಕೆಂಪು ನೆಲ, ಉರಿಯುವ ದೀಪ ಎಲ್ಲವನ್ನೂ ನೋಡಿದವರೇ ನಿಂತರು, ಕೈ ಮುಗಿದರು. ಒಬ್ಬ ಮುದುಕಿ ಜಗಲಿಯ ಅಂಚಿಗೆ ತಟ್ಟನೆ ತೆಂಗಿನಕಾಯಿ ಒಡೆದೇಬಿಟ್ಟಳು! ಕಾಯಿನೀರು ನನ್ನ ಕನ್ನಡಕಕ್ಕೆ ಸಿಡಿಯಿತು. ಇನ್ನೇನು ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ನಿನ್ನ ಅತ್ತೆ ಪೊರಕೆ ಹಿಡಿದು ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು. ‘ಅಯ್ಯಯ್ಯೋ, ಕಾಲಿಡ್ಬ್ಯಾಡಿ ಕಣ್ರವ್ವ, ಇದು ಗುಡಿ ಅಲ್ಲ, ನಮ್ಮನೆ!’ ಎಂದಳು. ಮುದುಕಿ ಸ್ವಲ್ಪವೂ ಗಾಬರಿಯಾಗದೆ, ‘ಮನೆಯಾದ್ರೇನವ್ವ, ದೇವ್ರು ಇಲ್ವಾ ಒಳಗೆ?’ ಎಂದು ಕೇಳಿದಳು. ಬೆಟ್ಟಮ್ಮ, ‘ಇನ್ನೂ ಬಂದಿಲ್ಲ, ಬತ್ತದೆ’ ಎಂದುಬಿಟ್ಟಳು. ಅವರು ಅರ್ಧ ಹೋಳು ನಮಗೆ ಕೊಟ್ಟು ಮುಂದೆ ಹೋದರು. ಕೆಂಪಸಿದ್ದಯ್ಯ ಆಗಿನಿಂದ ನನ್ನನ್ನು ಪೂಜಾರಪ್ಪ ಎಂದೇ ಕರೆಯುತ್ತಾನೆ. ಪಟ್ಟೆ ಇರಲೋ ಅಳಿಸಲೋ ನೀನೇ ಹೇಳಬೇಕು.

ನಿನ್ನ ಕೋಣೆಯ ವಿಷಯ ಹೇಳಲೇ ಇಲ್ಲ. ಕಿಟಕಿಯ ಪಕ್ಕ ಕೂತು ಮಕ್ಕಳ ಲೆಕ್ಕ ತಿದ್ದಲು ಹಲಸಿನ ಹಲಗೆಯ ಒಂದು ಮೇಜು ಮಾಡಿಸಿದ್ದೇನೆ. ಅದಕ್ಕೂ ಕಡುಗೆಂಪು ಬಣ್ಣ. ಬಾಗಿಲಿಗೆ ಬೆಟ್ಟಮ್ಮ ತನ್ನ ಮದುವೆಯ ಕೆಂಪು ಸೀರೆಯನ್ನು ಕತ್ತರಿಸಿ ಪರದೆ ಹೊಲಿದಿಟ್ಟಿದ್ದಾಳೆ. ಪೆಟ್ಟಿಗೆಯ ತಳದಲ್ಲಿ ಮುಟ್ಟಗೊಡದೆ ಇಟ್ಟುಕೊಂಡಿದ್ದ ಸೀರೆ ಅದು. ಕತ್ತರಿಸುವಾಗ ನಾನು ಬೇಡವೆಂದೆ. ‘ಪೆಟ್ಗೇಲಿ ಗೆದ್ಲು ನೋಡೋದ್ಕಿಂತ ನನ್ ಮಗಳು ನೋಡ್ಲಿ’ ಎಂದಳು. ನಿನಗೆ ಕೆಂಪು ಸಲ್ಲದು ಎಂದು ಹೇಳಿದವರು ಹೇಳಿಕೊಳ್ಳಲಿ ತಾಯಿ. ಹಣೆಗೆ ಇಡುವುದು ಬಿಡುವುದು ನಿನ್ನ ಮನಸ್ಸು, ಅದರ ಮಾತು ನಾನು ಆಡುವುದಿಲ್ಲ. ಆದರೆ ಈ ಮನೆಯೊಳಗೆ ನೀನು ಎಲ್ಲಿ ತಿರುಗಿದರೂ ಕೆಂಪೇ ಇರಬೇಕೆಂದು ಆ ಹೆಂಗಸು ಮಾಡಿಟ್ಟಿದ್ದಾಳೆ. ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ. ಮಗನನ್ನು ಮಣ್ಣಿಗೆ ಕೊಟ್ಟು ಎರಡು ವರ್ಷವಾಯಿತು, ಹೇಗೋ ತಡೆದುಕೊಂಡೆವು. ನಿನ್ನನ್ನೂ ಚಿತ್ರದುರ್ಗಕ್ಕೆ ಕೊಟ್ಟು ತಡೆದುಕೊಳ್ಳುವ ಶಕ್ತಿ ನಮ್ಮಿಬ್ಬರಿಗೂ ಇಲ್ಲ. ಹೀಗೆಂದು ಬಲವಂತ ಮಾಡುತ್ತಿಲ್ಲ. ಚೆನ್ನಾಗಿ ಯೋಚಿಸಿ ಬರೆ.

ಹಾಸ್ಟೆಲಿನ ನಿನ್ನ ಗೆಳತಿಯರಿಗೆಲ್ಲ ನನ್ನ ಆಶೀರ್ವಾದ ತಿಳಿಸು. ನಿನ್ನ ಅತ್ತೆ ನಿನ್ನ ಎರಡು ಕೆನ್ನೆ ಸವರಿ ನೆಟಿಗೆ ಮುರಿದಿದ್ದಾಳೆಂದು ಬರೆಯಲು ಹೇಳಿದಳು, ಬರೆದಿದ್ದೇನೆ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತು ನಿನ್ನ ಮಾವ,
ಮರಿಸಿದ್ದಯ್ಯ

ಮರೆತ ಮಾತು: ಬೆಟ್ಟಮ್ಮ ನೀರಿಗೆ ಹೋಗಿದ್ದಾಳೆ, ಬರುವುದರೊಳಗೆ ಗೀಚುತ್ತಿದ್ದೇನೆ. ಇದನ್ನು ಬರೆಯಕೂಡದೆಂದು ಆಣೆ ಹಾಕಿದ್ದಾಳೆ. ನೆಲ ಒಣಗಿ ಎಷ್ಟೋ ದಿನವಾಯಿತು. ಓಡಾಡಬಹುದು ಎಂದು ಸಾಬರು ಹೇಳಿ ಹೋದರು. ಆದರೂ ಈ ತನಕ ಯಾರೂ ಒಳಗೆ ಕಾಲಿಟ್ಟಿಲ್ಲ. ನಾವಿಬ್ಬರೂ ಜಗಲಿಯಲ್ಲಿ ಮಲಗುತ್ತಿದ್ದೇವೆ, ಒಲೆ ಕೊಟ್ಟಿಗೆಗೆ ಬಂದಿದೆ, ಎಮ್ಮೆ ನನ್ನ ಊಟದ ತಟ್ಟೆಯನ್ನೇ ನೋಡುತ್ತಿರುತ್ತದೆ. ಪಕ್ಕದ ಮನೆ ಚಿಕ್ಕಬೋರಮ್ಮ ಅರಿಶಿನ ಕುಂಕುಮ ಇಟ್ಟುಕೊಂಡು, ಮುತ್ತೈದೆ ನಾನು ಮೊದಲು ತುಳಿಯುತ್ತೇನೆ ಎಂದು ಬಂದಿದ್ದಳು. ‘ನೀನೂ ಬ್ಯಾಡ ಕಣವ್ವ, ನಾನೂ ಬ್ಯಾಡ. ಮೊದ್ಲು ನಮ್ ಮರಿತಾಯಿ ಕಾಲು ಬೀಳ್ಬೇಕು. ಅವ್ಳು ಬರೋಗಂಟ ನಾನೂ ಒಳೀಕ್ ಓಗಾಕಿಲ್ಲ’ ಎಂದು ಕಳಿಸಿಬಿಟ್ಟಳು. ನೀನು ಚಿತ್ರದುರ್ಗಕ್ಕೆ ಹೋದರೆ ಇವಳು ಆಯುಷ್ಯವೆಲ್ಲ ಜಗಲಿಯಲ್ಲೇ ಕಳೆಯುವವಳು, ಅವಳ ಹಟ ನಿನಗೆ ಗೊತ್ತಲ್ಲ. ಬಿಂದಿಗೆಯ ಸದ್ದಾಯಿತು, ಬಂದಳು. ಎಡಗಾಲೋ ಬಲಗಾಲೋ, ಯಾವುದಾದರೂ ಸರಿ, ಬೇಗ ಬಂದು ಇಡು ತಾಯಿ.