ಚಡ್ಡಿ ತಿಂದ ಹೊಲ

ಬಿ.ಜಿ. ಕೆರೆ, ಮೊಳಕಾಲ್ಮೂರು ತಾಲ್ಲೂಕು
೧೮ ಸೆಪ್ಟೆಂಬರ್ ೨೦೨೫, ಗುರುವಾರ

ಪ್ರೀತಿಯ ನನ್ನ ಜವಾನರಿಗೆ,

ಹೇಗಿದ್ದೀರಿ? ಗಡಿಯ ಆ ಬೆಟ್ಟದಲ್ಲಿ ಚಳಿ ಶುರುವಾಯಿತೇ? ಕೆಮ್ಮಿಗೆಂದು ಕಟ್ಟಿಕೊಟ್ಟ ಮೆಣಸಿನ ಪುಡಿಯನ್ನು ನೀವು ತಿನ್ನುತ್ತಿದ್ದೀರೋ, ಪಕ್ಕದ ಹಾಸಿಗೆಯವರಿಗೆ ದಾನ ಮಾಡಿದಿರೋ, ನಿಜ ಬರೆಯಿರಿ. ಇಲ್ಲಿ ಅತ್ತೆ, ಮಾವ, ಹಸು, ಕರು, ನಾನು ಎಲ್ಲರೂ ಕ್ಷೇಮ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಫೋನ್ ಬಂದ ಕೂಡಲೇ ಮಾವ ಸ್ಪೀಕರ್ ಹಾಕಿ ಜಗುಲಿಯ ಮೇಲೆ ಇಡುತ್ತಾರೆ. ಬೀದಿಯವರೆಲ್ಲ ಸರದಿಯಲ್ಲಿ "ಚೆನ್ನಾಗಿದೀಯೇನಪ್ಪ" ಅನ್ನುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಗಂಡನ ಚಡ್ಡಿಯ ವಿಷಯವನ್ನು ಹಾಗೆ ಬೀದಿಯಲ್ಲಿ ಮಾತಾಡಲು ಆಗುತ್ತದೆಯೇ? ಬೀದಿಗೆ ಅದು ಈಗಾಗಲೇ ಗೊತ್ತು, ಆ ಮಾತು ಬೇರೆ. ಗೊತ್ತಿರುವುದೆಲ್ಲ ತಪ್ಪು ಅನ್ನುವುದೇ ನನ್ನ ಸಂಕಟ.

ದಿಣ್ಣೆಯ ನಾಲ್ಕು ಎಕರೆಯನ್ನು ಸೋಲಾರ್ ಕಂಪನಿಗೆ ಇಪ್ಪತ್ತೆಂಟು ವರ್ಷ ಗುತ್ತಿಗೆ ಕೊಡುವುದೆಂದು ಮಾವ ನಿಶ್ಚಯ ಮಾಡಿದ್ದಾರೆ. ಹೊಲ ನಿಮ್ಮ ಹೆಸರಿನಲ್ಲಿರುವುದರಿಂದ ನಿಮ್ಮ ಸಹಿ ಬೇಕು. "ಮಣ್ಣು ಸತ್ತೋಗೈತೆ ಕಣಮ್ಮ, ಸತ್ತಿದ್ದನ್ನ ಇಟ್ಕಂಡು ಏನ್ ಮಾಡಾದು" ಅನ್ನುತ್ತಾರೆ. ನೀವು ಪಡೆ ಬಿಟ್ಟು ಬಂದ ಮೇಲೆ ಅಲ್ಲಿ ಸೀತಾಫಲ ಹಾಕೋಣ ಎಂದು ನಾವಿಬ್ಬರೂ ಬದುವಿನ ಮೇಲೆ ಕೂತು ಮಾತಾಡಿಕೊಂಡಿದ್ದು ಸುಳ್ಳೇ? ಇಪ್ಪತ್ತೆಂಟು ವರ್ಷ ಆದಮೇಲೆ ನೆಡಲು ಬಗ್ಗಿದರೆ ನಮ್ಮನ್ನು ಎತ್ತಲು ಇನ್ನಿಬ್ಬರು ಬೇಕಾಗುತ್ತಾರೆ. ಅದೇ ಹೊತ್ತಿಗೆ ಕುದಾಪುರದ ಕಡೆಯ ಒಂದು ಸಂಶೋಧನಾ ಕೇಂದ್ರದಿಂದ ದೀಪಿಕಾ ಎಂಬ ಮೇಡಂ ಬಂದು ಹೆಂಗಸರಿಗೆ ಮಣ್ಣಿನ ಪಾಠ ಮಾಡಿದರು. ಒಂದು ಚಮಚ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಗಳಿವೆಯಂತೆ. ಅವು ಇವೆಯೋ ಇಲ್ಲವೋ ತಿಳಿಯಲು ಒಂದು ಹತ್ತಿಯ ಚಡ್ಡಿಯನ್ನು ಗೇಣು ಆಳಕ್ಕೆ ಹೂತು ಎರಡು ತಿಂಗಳು ಬಿಡಬೇಕು. ಮಣ್ಣು ಬದುಕಿದ್ದರೆ ಬಟ್ಟೆ ತಿಂದು ಎಲಾಸ್ಟಿಕ್ ಉಳಿಸುತ್ತದೆ, ಸತ್ತಿದ್ದರೆ ಒಗೆದು ಮತ್ತೆ ಹಾಕಿಕೊಳ್ಳಬಹುದು. ಸ್ವಿಟ್ಜರ್ಲೆಂಡಿನಲ್ಲೂ ಜನ ಹೀಗೆ ಹೂತು ನೋಡಿದ್ದಾರಂತೆ. ಮಾವನಿಗೆ ಹೇಳಿದರೆ ನಕ್ಕು, "ಮಣ್ಣು ಚಡ್ಡಿ ತಿಂದ ದಿನ ನನ್ಗೆ ಹೇಳು" ಅಂದರು. ಅಷ್ಟು ಸಾಕಿತ್ತು ನನಗೆ.

ಅಂಗಡಿಗೆ ಹೋಗಿ ಗಂಡಸರ ಚಡ್ಡಿ ಕೇಳಲು ನಾಚಿಕೆಯಾಗಿ ನೀವು ಬಿಟ್ಟುಹೋಗಿದ್ದ ಎರಡನ್ನೇ ತೆಗೆದುಕೊಂಡೆ. ಸಿಟ್ಟಾಗಬೇಡಿ. ಹೊಲದ ಈ ತುದಿಗೆ ಒಂದು, ಆ ತುದಿಗೆ ಒಂದು ಹೂತು, ಮೇಡಂ ಹೇಳಿದಂತೆ ಎಲಾಸ್ಟಿಕ್ಕಿನ ಅಂಚು ಕಾಣುವಂತೆ ಬಿಟ್ಟೆ. ಹೂಳುವಾಗ ಸ್ವಲ್ಪ ಅಳು ಬಂತು, ಅದನ್ನೂ ಹೇಳಿಬಿಡುತ್ತೇನೆ. ಎಡವಟ್ಟಾಗಿದ್ದು ನಿಮ್ಮ ಪಡೆಯ ನಂಬರಿನಿಂದ. ಬಟ್ಟೆ ಬದಲಾಗಬಾರದೆಂದು ನೀವು ಎಲ್ಲದರ ಮೇಲೂ ಕಪ್ಪು ಮಸಿಯಲ್ಲಿ ಬರೆದುಕೊಳ್ಳುತ್ತೀರಲ್ಲ, ಇವುಗಳ ಪಟ್ಟಿಯ ಮೇಲೂ ಇತ್ತು. ತಿಂಗಳ ಮೇಲೆ ಶೇಂಗಾದಲ್ಲಿ ಕಳೆ ತೆಗೆಯಲು ಬಂದ ಪಕ್ಕದ ಮನೆಯ ಯರ್ರಮ್ಮ ಅಂಚು ಹಿಡಿದು ಎಳೆದಳು, ಮಣ್ಣು ತಿಂದು ಬಿಟ್ಟ ಅರ್ಧ ಚಡ್ಡಿ ಕೈಗೆ ಬಂತು. "ಅಯ್ಯೋ ದೇವುಡಾ! ಉಚ್ಚಂಗವ್ವಾ, ನಿಮ್ ಹೊಲ್ದಾಗೆ ಯಾರೋ ಮಾಟ ಮಾಡಿ ಹೂತವ್ರೆ, ಮಂತ್ರ ಬರ್ದವ್ರೆ!" ಎಂದು ಅತ್ತೆಯ ಹೆಸರು ಹಿಡಿದು ಕೂಗಿದ್ದು ಕೆರೆ ಏರಿಯವರೆಗೆ ಕೇಳಿಸಿರಬೇಕು. ಅತ್ತೆ ಓಡಿ ಬಂದರು. ನಿಮ್ಮ ಟ್ರಂಕಿನ ಮೇಲೂ ಅದೇ ನಂಬರು ಇದೆಯಲ್ಲ, ದಿನಾ ಅದನ್ನು ಒರೆಸುವವರು ಅವರೇ, ನೋಡಿದ ಕೂಡಲೇ ಗುರುತು ಹಿಡಿದರು. "ಸೊಂಟದಿಂದ ಕೆಳೀಕೆ ತಿಂದೈತಲ್ಲೇ ನನ್ ಮಗನ್ನ!" ಎಂದು ಸಾಲಿನ ನಡುವೆಯೇ ಕೂತುಬಿಟ್ಟರು.

ನಾನು ಸುಮ್ಮನಿರಲಿಲ್ಲ ಕಣ್ರಿ. ನಾನೇ ಹೂತಿದ್ದು ಅತ್ತೆ ಎಂದು ಕಾಲು ಹಿಡಿದು ಹೇಳಿದೆ. ಅವರು ನನ್ನ ಬಾಯಿ ಮುಚ್ಚಿ, "ಬಿಡ್ತು ಅನ್ನು! ಯಾರನ್ ಉಳ್ಸಾಕೆ ನಿನ್ ತಲೆ ಮೇಲೆ ಹಾಕ್ಕಂತೀಯಾ?" ಅಂದರು. ಅಂದಿನಿಂದ ನಾನು ಬಂಗಾರದಂಥ ಸೊಸೆ, ನನ್ನ ಮುದ್ದೆಗೆ ತುಪ್ಪವೂ ಜಾಸ್ತಿ. ಮಾವನಿಗೆ ಸತ್ಯ ಗೊತ್ತಿತ್ತು. ಸಾಕ್ಷಿ ಹೇಳಲಿ ಎಂದು ಅವರ ಮುಖ ನೋಡಿದರೆ ಕರುವಿಗೆ ಹುಲ್ಲು ಹಾಕಬೇಕೆಂದು ಎದ್ದುಹೋದರು. ಅತ್ತೆ ಅಳುವಾಗ ಬಾಯಿ ಬಿಡುವ ಧೈರ್ಯ ಅವರಿಗೆ ಯಾವತ್ತಿತ್ತು ಹೇಳಿ?

ಮಾಟ ತೆಗೆಯಲು ರಾಯದುರ್ಗದ ಕಡೆಯಿಂದ ಒಬ್ಬ ತಾತನನ್ನು ಕರೆಸಿದರು. ಆತ ಮಣ್ಣನ್ನು ಮೂಸಿ ನೋಡಿ, "ಭೂದೇವಿಕಿ ಆಕಲಿ" ಅಂದ. ಭೂಮಿತಾಯಿಗೆ ಹಸಿವಾಗಿದೆ, ಅದಕ್ಕೇ ಮಗನ ಬಟ್ಟೆಗೆ ಬಾಯಿ ಹಾಕಿದ್ದಾಳೆ, ಅವಳ ಹೊಟ್ಟೆ ತುಂಬಿಸಿದರೆ ಮಗನನ್ನು ಬಿಡುತ್ತಾಳೆ ಎಂದು ಅತ್ತೆಗೆ ಬಿಡಿಸಿ ಹೇಳಿದ. ಏನು ಬಡಿಸಬೇಕು ಗೊತ್ತೇ? ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, ಎಲ್ಲ ಕಲಸಿ ಕೊಳೆಸಿ ಸಾಲಿಗೆ ಸುರಿಯಬೇಕು. ಮಣ್ಣಿನ ಜೀವಗಳಿಗೆ ಕೊಡಿ ಎಂದು ದೀಪಿಕಾ ಮೇಡಂ ಬರೆಸಿದ್ದೂ ಇದನ್ನೇ! ಆಗ "ಉಚ್ಚೆ ಹೊರಾಕೆ ನಾನೇನು ಹುಟ್ಟಿಲ್ಲ" ಅಂದಿದ್ದ ಮಾವ, ಈಗ ಅತ್ತೆ ಹಿಂದೆ ನಿಂತು ಕಾಯುವಾಗ ಬೆಳಬೆಳಗ್ಗೆ ಮೂಗಿಗೆ ಟವೆಲ್ ಕಟ್ಟಿಕೊಂಡು ಕೊಡ ಹೊರುತ್ತಿದ್ದಾರೆ. ನಾನು ಬೇಲಿಯ ಮರೆಯಲ್ಲಿ ಸೆರಗು ಕಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು. ಮೇಡಮ್ಮಿಗೆ ಫೋನ್ ಮಾಡಿದೆ. ಇನ್ನು ಪ್ರಯೋಗ ಕೆಟ್ಟಿತು, ಆದರೆ ಏನೂ ಸುರಿಯುವ ಮೊದಲೇ ಅರ್ಧ ತಿಂದಿತ್ತಲ್ಲ, ಅದು ಒಳ್ಳೆಯ ಲಕ್ಷಣ ಎಂದು ನಗುತ್ತಲೇ ಹೇಳಿದರು.

ಆದರೆ ಈ ನಡುವೆ ಮಾವ ಗುತ್ತಿಗೆಯ ಕಾಗದಗಳನ್ನು ನಿಮಗೆ ಪೋಸ್ಟ್ ಮಾಡಿಬಿಟ್ಟಿದ್ದಾರೆ. ಕಂಪನಿಯವನು ಕಾಯುವುದಿಲ್ಲವಂತೆ. ಕೊಡ ಹೊರುವುದು ಹೆಂಡತಿಗಾಗಿ, ಕಾಗದ ಕಳಿಸಿದ್ದು ತಮಗಾಗಿ. ಅಪ್ಪನ ಮಾತನ್ನು ನೀವು ಯಾವತ್ತೂ ಮೀರಿದವರಲ್ಲ. ಅದೇ ನನಗೆ ಭಯ.

ಅತ್ತೆ, ಮಾವ ನಿಮಗೆ ಆಶೀರ್ವಾದ ಹೇಳಿದ್ದಾರೆ. ಯರ್ರಮ್ಮ ದೃಷ್ಟಿ ತೆಗೆದಿದ್ದಾಳೆ. ಹೊಟ್ಟೆ ತುಂಬ ಉಣ್ಣಿ, ಕಿವಿ ಮುಚ್ಚಿಕೊಂಡು ಮಲಗಿ.

ನಿಮ್ಮವಳೇ,
ಪ್ರೇಮಲತಾ

ತಾ.ಕ.: ಎರಡು ತಿಂಗಳು ತುಂಬಿತ್ತು, ಲಕೋಟೆ ಅಂಟಿಸುವ ಮೊದಲು ಹೊಲಕ್ಕೆ ಹೋಗಿ ಇನ್ನೊಂದನ್ನು ಅಗೆದೆ. ಬಟ್ಟೆಯ ಒಂದು ಎಳೆಯೂ ಇಲ್ಲ, ಎಲಾಸ್ಟಿಕ್ ಮಾತ್ರ! ಮಾವನ ಕೈಗಿಟ್ಟೆ. ಬಹಳ ಹೊತ್ತು ತಿರುಗಿಸಿ ನೋಡಿದರು. "ಸಹಿ ಹಾಕ್ಬ್ಯಾಡ ಅಂತ ಬರಿ. ನಾನ್ ಹೇಳ್ದೆ ಅಂತ ಬರೀಬ್ಯಾಡ" ಅಂದರು. ಈಗ ಪೋಸ್ಟಿಗೆ ಕೊಂಡೊಯ್ಯಲು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ. ಸಹಿ ಹಾಕಬೇಡಿ. ಇನ್ನೊಂದು ಮಾತು: ಭಾನುವಾರ ಫೋನಿನಲ್ಲಿ ಅತ್ತೆ ನಿಮ್ಮ ಸೊಂಟ ಹೇಗಿದೆ ಎಂದು ಕೇಳುತ್ತಾರೆ. ದಿನದಿನಕ್ಕೂ ಹಗುರಾಗುತ್ತಿದೆ ಅನ್ನಿ. ಪೂರ್ತಿ ವಾಸಿಯಾಯಿತು ಎಂದರೆ ಕೊಡ ಹೊರುವುದು ನಿಂತುಹೋಗುತ್ತದೆ; ಅದನ್ನು ಮಾತ್ರ, ದಮ್ಮಯ್ಯ, ಶೇಂಗಾ ಕೀಳುವವರೆಗೆ ಹೇಳಬೇಡಿ.