ಸ್ಮರಣ ಸಂಚಿಕೆಯಲ್ಲಿ ಬಿಟ್ಟುಹೋದ ಅಜ್ಜಿ

ಚಾಮರಾಜನಗರ
೧೧-೩-೧೯೯೬

ಭಾವಮೈದ ರಾಜಣ್ಣ ಮೇಷ್ಟ್ರಿಗೆ,

ಇಲ್ಲಿ ಎಲ್ಲರೂ ಕ್ಷೇಮ ಅಂತ ಶುರು ಮಾಡುವುದು ವಾಡಿಕೆ. ನಿನ್ನ ಅಕ್ಕ ಗಂಗಾಂಬಿಕೆ ಕ್ಷೇಮ, ಎಮ್ಮೆ ಕ್ಷೇಮ. ನನ್ನ ಕರಿಕಲ್ಲಿನ ಕ್ವಾರಿ ಮಾತ್ರ ಐದು ದಿನದಿಂದ ಸದ್ದಿಲ್ಲದೆ ಮಲಗಿದೆ. ಕಾರಣ ನೀನು.

ನಿಮ್ಮ ಮೇಷ್ಟ್ರುಗಳ ಸಂಘದ ಸ್ಮರಣ ಸಂಚಿಕೆ ಬಂತು. ‘ಸೂರ್ಯ ಮೊದಲು ಹುಟ್ಟುವ ನಾಡಿನಲ್ಲಿ ಹನ್ನೊಂದು ದಿನ’ ಅಂತ ನಿನ್ನ ಜಪಾನಿನ ಲೇಖನ, ಒಂಬತ್ತು ಪುಟ. ನಾನು ಓದಿದ್ದು ಏಳನೇ ಕ್ಲಾಸು, ಆದರೆ ಎಣಿಸಲು ಬರುತ್ತದೆ. ರೈಲಿನ ವೇಗಕ್ಕೆ ಎರಡು ಪುಟ. ಕಕ್ಕಸಿಗೆ ಬೇರೆ ಚಪ್ಪಲಿ ಇಡುತ್ತಾರೆ ಅನ್ನುವುದಕ್ಕೆ ಒಂದು ಪುಟ. ಇಂಗ್ಲಿಷ್ ಬಲ್ಲವನು ಜೊತೆಗಿರಲಿ ಅಂತ ನಿನ್ನನ್ನು ಕರೆದುಕೊಂಡು ಹೋದ ನನಗೆ ಎರಡು ಸಾಲು, ಅದರಲ್ಲೂ ಹೆಸರಿಲ್ಲ: ‘ನನ್ನೊಡನಿದ್ದ ವ್ಯಾಪಾರಿಯೊಬ್ಬರು ಶಾವಿಗೆಯನ್ನು ಸೊರಸೊರ ಸದ್ದು ಮಾಡಿ ತಿಂದು ನನಗೆ ಮುಜುಗರ ತಂದರು.’ ಅಲ್ಲಯ್ಯ, ಆ ಅಂಗಡಿಯಲ್ಲಿ ಕೂತಿದ್ದ ಹದಿನಾಲ್ಕು ಜನರೂ ಸೊರಸೊರ ಅಂತಲೇ ತಿನ್ನುತ್ತಿದ್ದರು. ಅದು ಅಲ್ಲಿನ ಮರ್ಯಾದೆ. ಸದ್ದಿಲ್ಲದೆ ತಿಂದವನು ನೀನೊಬ್ಬನೇ. ರುಚಿಯಾಗಲಿಲ್ಲವೇ ಎಂದು ಅಂಗಡಿಯವನು ಕೇಳಿದ್ದೂ ನಿನ್ನನ್ನೇ. ಅದನ್ನು ಯಾಕೆ ಬರೆಯಲಿಲ್ಲ?

ಇರಲಿ. ಬರೀ ಅದಕ್ಕೆ ಸಿಟ್ಟು ಬಂದಿದ್ದರೆ ಒಂದು ಕಾರ್ಡು ಸಾಕಾಗಿತ್ತು. ಇದು ಕವರು, ನೋಡಿಕೋ.

ಆರನೇ ಪುಟದ ಕೊನೆ: ‘ನಮ್ಮ ನಾಡಿನ ಕರಿಕಲ್ಲು ಅಲ್ಲಿ ಸತ್ತವರ ಸಮಾಧಿಯ ಮೇಲೆ ನಿಲ್ಲುವುದನ್ನು ಕಂಡು ಮೈ ಜುಮ್ಮೆಂದಿತು. ಹೋಟೆಲಿಗೆ ಮರಳಿದವನೇ ಸ್ನಾನ ಮಾಡಿದೆ.’ ಇದನ್ನು ನಮ್ಮ ಗುಮಾಸ್ತ ನಿಂಗರಾಜು, ಯಜಮಾನರ ಭಾವಮೈದ ಬರೆದದ್ದೆಂಬ ಅಭಿಮಾನಕ್ಕೆ, ಬುಧವಾರ ಊಟದ ಹೊತ್ತಿನಲ್ಲಿ ಕಲ್ಲುಕೆಲಸದವರಿಗೆಲ್ಲ ಗಟ್ಟಿಯಾಗಿ ಓದಿಬಿಟ್ಟ.

ಅಲ್ಲಿ ಚಿಕ್ಕಬೀರಯ್ಯ ಕೂತಿದ್ದ. ಬಂಡೆಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟು, ಕಿವಿ ಹಚ್ಚಿ, ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಹೇಳುವ ಮುದುಕ. ಅವನು ಹೂಂ ಅನ್ನದೆ ನಮ್ಮಲ್ಲಿ ಒಂದು ಕಲ್ಲೂ ಲಾರಿ ಹತ್ತಿಲ್ಲ. ನಾನು ಲಾರಿ ಕ್ಲೀನರಾಗಿದ್ದಾಗ ನನಗೆ ಕಲ್ಲಿನ ಗುಣ ಕಲಿಸಿದವನೂ ಅವನೇ. ಇವತ್ತಿಗೂ ‘ಅಲ್ಲ ಕಲಾ ಮರಿಯಪ್ಪ’ ಅಂತ ಏಕವಚನದಲ್ಲೇ ಎಲ್ಲರೆದುರು ನನ್ನನ್ನು ತರಾಟೆಗೆ ತೆಗೆದುಕೊಳ್ಳುವವನು ಕ್ವಾರಿಯಲ್ಲಿ ಅವನೊಬ್ಬ. ಓದು ಮುಗಿದ ಮೇಲೆ ಎದ್ದು ಬಂದು ನನ್ನ ಮುಂದೆ ನಿಂತ.

“ಗುಡಿ ಕಲ್ಲು ಅಂತ ಎಂಟು ವರ್ಸ ತಣ್ಣೀರ್ ಮಿಂದು ಬಂದು ಸುತ್ಗೆ ಹಿಡ್ದೆ. ಸತ್ತೋರ ತಲೆ ಮ್ಯಾಲಿನ ಕಲ್ಲಾ ಅದು, ಮರಿಯಪ್ನೋರೇ?”

ಸುತ್ತಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಬೇಗೂರಿನ ಮಗಳ ಮನೆಗೆ ಹೊರಟುಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ‘ಮರಿಯಪ್ನೋರೇ’ ಅಂದದ್ದನ್ನು ತಡೆಯಲಾಗಲಿಲ್ಲ. ಉಳಿದವರೂ ಕೈಕಟ್ಟಿ ಕೂತಿದ್ದಾರೆ. ಬೇರೆ ಯಾರನ್ನಾದರೂ ತರೋಣ ಅಂತ ನಿಂಗರಾಜು ಅನ್ನುತ್ತಾನೆ. ಬೇರೆ ಕಿವಿ ಸಿಗಬಹುದು. ನನ್ನನ್ನು ‘ಲಾ’ ಅನ್ನುವ ಬಾಯಿ ಎಲ್ಲಿಂದ ತರುತ್ತಾನಂತೆ?

ನೀನು ಬರೆದದ್ದು ಸುಳ್ಳು ಅನ್ನಲಾರೆ. ತೂಕದಲ್ಲಿ ಅರ್ಧ ಹೊಡೆದಿದ್ದೀಯ. ಬಿಟ್ಟದ್ದನ್ನು ನಾನು ನೆನಪಿಸುತ್ತೇನೆ.

ಕಲ್ಲು ಕೊಳ್ಳುವ ಅಲ್ಲಿನ ಸಾಹುಕಾರರು ನಮ್ಮನ್ನು ಆ ಗುಡ್ಡದ ಊರಿಗೆ ಕರೆದೊಯ್ದರು. ನಮ್ಮದೇ ಕ್ವಾರಿಯ ಕಲ್ಲು, ಸೊಂಟದೆತ್ತರ, ಮುಖ ಕಾಣುವಷ್ಟು ನಯ. ನೀನು ಕರವಸ್ತ್ರವನ್ನು ಮೂಗಿಗೆ ಹಿಡಿದು ನಿಂತೆ. ಊದುಬತ್ತಿಯ ಪರಿಮಳ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಎಂಬತ್ತು ದಾಟಿದ ಒಬ್ಬ ಅಜ್ಜಿ ಮರದ ಬಕೆಟ್ಟಿನಲ್ಲಿ ನೀರು ತಂದು, ಕೂಸಿಗೆ ಎರೆದ ಹಾಗೆ ಆ ಕಲ್ಲಿಗೆ ಎರೆದಳು. ಕೆತ್ತಿದ ಅಕ್ಷರಗಳ ಸಂದಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಹೂವಿಟ್ಟಳು, ಗಂಡ ಕುಡಿಯುತ್ತಿದ್ದ ಹೆಂಡ ಒಂದು ಬಟ್ಟಲು ಇಟ್ಟಳು, ಕಿತ್ತಳೆ ಹಣ್ಣು ಮೂರು. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೇ ಹುಡುಕಿ ನಾವು ಎಡೆ ಇಡುವುದಿಲ್ಲವೇ? ಅದೇ. ಆಮೇಲೆ ಕೂತು ಮಾತಾಡಿದಳು. ಏನಂತೆ ಎಂದು ಕೇಳಿದೆ. ಸಾಹುಕಾರರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೀನೇ ಕನ್ನಡ ಮಾಡಿದೆ: ಈ ಸಲ ಮೂಲಂಗಿ ಚೆನ್ನಾಗಿ ಬಂದಿದೆ, ಸೊಸೆ ಉಪ್ಪು ಜಾಸ್ತಿ ಹಾಕುತ್ತಾಳೆ.

ನಾನು ಅಭ್ಯಾಸಬಲದಿಂದ ಕಲ್ಲಿಗೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿ ಹಚ್ಚಿದೆ. ಅಜ್ಜಿ ನೋಡಿದಳು. ಈ ಕಲ್ಲು ಇವರ ಊರಿನದು ಎಂದು ಸಾಹುಕಾರರು ಹೇಳಿದರು. ಹೀಗೆ ಮೊದಲು ಕಿವಿ ಹಚ್ಚಿದವರು ಯಾರು ಎಂದು ಕೇಳಿದಳು. ನಾನು ಚಿಕ್ಕಬೀರಯ್ಯನ ಹೆಸರು ಹೇಳಿದೆ. ಅವಳ ನಾಲಿಗೆಗೆ ಹೊರಳಲಿಲ್ಲ. ಮೂರು ಸಲ ತಿಣುಕಿ ‘ಚಿಕ್ಕಾಬಿರಾಯ’ದ ತನಕ ಬಂದಳು. ನಮ್ಮ ದೇಶ ಯಾವ ಕಡೆಗೆ ಎಂದು ಕೇಳಿ, ಆ ಕಡೆಗೆ ತಿರುಗಿ ಸೊಂಟ ಬಗ್ಗಿಸಿದಳು. ಎಡೆಯ ಮೂರು ಹಣ್ಣಿನಲ್ಲಿ ಒಂದನ್ನು ತೆಗೆದು, ಅವರಿಗೆ ಕೊಡಿ ಅಂತ ನನ್ನ ಅಂಗೈಯಲ್ಲಿಟ್ಟಳು.

ಇಷ್ಟಕ್ಕೂ ನೀನು ಸಾಕ್ಷಿ. ಕಕ್ಕಸಿನ ಚಪ್ಪಲಿಗೆ ಒಂದು ಪುಟ ಕೊಟ್ಟ ಮಹಾನುಭಾವ, ಈ ಅಜ್ಜಿಗೆ ಒಂದು ಸಾಲು ಕೊಡಲಿಲ್ಲ.

ಗುಡಿ ಕಲ್ಲು ಅಂದವರು ಯಾರು ಎಂದು ನೀನು ಕೇಳುತ್ತೀಯ. ನಾನೇ. ಮೊದಲ ವರ್ಷವೇ ಚಿಕ್ಕಬೀರಯ್ಯ ಕೇಳಿದ್ದ, ಇದು ಎಲ್ಲಿಗೆ ಹೋಗುತ್ತದೆ ಅಂತ. ಮಸಣಕ್ಕೆ ಅಂದಿದ್ದರೆ ಒಬ್ಬರೂ ಕೈ ಹಚ್ಚುತ್ತಿರಲಿಲ್ಲ. ಬುದ್ಧನ ಗುಡಿಗೆ ಅಂದೆ. ಮಾರನೆಯ ದಿನದಿಂದ ಅವನು ಮಿಂದು ಬರತೊಡಗಿದ. ಆ ಸಮಾಧಿಯಿಂದ ಅಲ್ಲಿನ ಬುದ್ಧನ ಗುಡಿಗೆ ನಲವತ್ತೆರಡು ಹೆಜ್ಜೆ, ನಡೆದು ಎಣಿಸಿದ್ದೇನೆ. ಹತ್ತಿರದ ಸುಳ್ಳು ಅಂತ ಆವತ್ತು ಸಮಾಧಾನ ಮಾಡಿಕೊಂಡೆ. ಬುಧವಾರ ಆ ಲೆಕ್ಕ ನಿಲ್ಲಲಿಲ್ಲ.

ನಾನು ಹೇಳಿದರೆ ಇನ್ನು ಅವನು ನಂಬುವುದಿಲ್ಲ. ನಿನ್ನದು ಅಚ್ಚಾಗಿದೆ, ನಿನ್ನನ್ನು ನಂಬುತ್ತಾನೆ. ನಿಮ್ಮ ಗುಂಡ್ಲುಪೇಟೆಯಿಂದ ಬೇಗೂರಿಗೆ ಎಷ್ಟೊಂದು ಬಸ್ಸುಗಳಿವೆ. ಬರುವ ಭಾನುವಾರ ಹೋಗಿ, ಅವನೆದುರು ನೆಲದ ಮೇಲೆ ಕೂತು, ಅಜ್ಜಿಯ ವಿಷಯ ಪೂರ್ತಿ ಹೇಳು. ನಿನ್ನ ಸ್ನಾನದ ಮಾತು ಎತ್ತಬೇಡ. ಊಟಕ್ಕೆ ಎಬ್ಬಿಸಿದರೆ ಸದ್ದು ಮಾಡಿಯೇ ಉಣ್ಣು.

ಇಂತಿ, ನಿನ್ನ ಲೇಖನದಲ್ಲಿ ಹೆಸರಿಲ್ಲದ ವ್ಯಾಪಾರಿ,
ನಿನ್ನ ಭಾವ
ಮರಿಯಪ್ಪ

ಮರೆತಿದ್ದೆ: ಆ ಹಣ್ಣು ಎಲ್ಲಿ ಅಂತ ಅವನು ಕೇಳಿಯೇ ಕೇಳುತ್ತಾನೆ. ವಿಮಾನದವರು ಕಿತ್ತುಕೊಂಡರು ಅಂತ ನಿನಗೆ ಹೇಳಿದ್ದೆನಲ್ಲ, ಅದನ್ನು ಅಲ್ಲಿ ಹೇಳಬೇಡ. ನೀನು ನಿದ್ದೆ ಹೋದಾಗ ನಾನೇ ತಿಂದೆ. ಊರಿಗೆ ತಂದರೆ ಯಾರು ಕೊಟ್ಟರು, ಎಲ್ಲಿ ಕೊಟ್ಟರು ಎಂದು ಹೇಳಬೇಕಾಗುತ್ತಿತ್ತು. ಒಂದು ಬೀಜ ಸಿಕ್ಕಿದ್ದರೂ ತಂದು ಕ್ವಾರಿಯ ಬಾಗಿಲಲ್ಲಿ ನೆಡುತ್ತಿದ್ದೆ. ಹನ್ನೊಂದು ತೊಳೆ, ಒಂದರಲ್ಲೂ ಬೀಜವಿರಲಿಲ್ಲ.