ಬೆನ್ನ ಹಿಂದಿನ ಕುರ್ಚಿ

ಸೋಮವಾರ, ಪಾರ್ಲರಿಗೆ ರಜೆ

ನನ್ನ ಮುದ್ದಿನ ಅಕ್ಕನಿಗೆ,

ಹೇಗಿದ್ದೀಯ? ಫೋನಿನಲ್ಲೇ ಹೇಳೋಣ ಅಂದರೆ ನೀನು ಸದಾ ಮೊಮ್ಮಗಳ ಹಿಂದೆ ಓಡುತ್ತಿರುತ್ತೀಯ, ನನ್ನ ಮಾತು ಅರ್ಧಕ್ಕೇ ನಿಂತುಹೋಗುತ್ತೆ. ಆ ಪುಟಾಣಿಯ ಮೇಲೆ ನನಗೇನೂ ಕೋಪವಿಲ್ಲ, ತಪ್ಪು ತಿಳಿಯಬೇಡ. ಬರೆದರೆ ಪೂರ್ತಿ ಓದುತ್ತೀಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕೌನ್ಸೆಲರ್ ಹತ್ತಿರ ಹೋಗುತ್ತೇನೆ ಅಂದಾಗ ನೀನು ಬೈದಿದ್ದೆ, ಮಾತಾಡೋದಕ್ಕೂ ದುಡ್ಡು ಕೊಡಬೇಕಾ, ನಾನೇನು ಸತ್ತಿದ್ದೀನಾ ಅಂತ. ನಿಜ ಹೇಳಲಾ, ನನ್ನ ಮನಸ್ಸಿನಲ್ಲೂ ಅದೇ ಇತ್ತು. ಇಷ್ಟು ವರ್ಷ ಕೂದಲು ಕತ್ತರಿಸುತ್ತಾ ಊರವರ ಗೋಳೆಲ್ಲ ಪುಕ್ಕಟೆಯಾಗಿ ಕೇಳಿಸಿಕೊಂಡವಳು ನಾನು. ಅತ್ತೆಯ ಕಾಟ, ಗಂಡನ ಕುಡಿತ, ಮಗಳ ಮೊಂಡಾಟ, ಒಂದಾ ಎರಡಾ? ಯಾರಿಗಾದರೂ ಅದಕ್ಕೆ ಬಿಲ್ ಹಾಕಿದ್ದೀನಾ? ಆ ಕೌನ್ಸೆಲರಮ್ಮನ ಒಂದು ಗಂಟೆಯ ಫೀಸಿಗೆ ನಾನು ದಿನವಿಡೀ ನಿಂತು ದುಡಿಯಬೇಕು. ಹೊಟ್ಟೆ ಉರಿಯದೆ ಇರುತ್ತಾ ಹೇಳು.

ಮೊದಲ ಸಲದ ಫಜೀತಿ ಕೇಳಿದರೆ ನಗುತ್ತೀಯ. ಚಿಕ್ಕ ಕೋಣೆ, ಎದುರುಬದುರು ಎರಡು ಕುರ್ಚಿ. ಹೇಳಿ ಅಂತ ಆಕೆ ನನ್ನ ಮುಖವನ್ನೇ ನೋಡುತ್ತಾ ಕೂತರು. ನಮ್ಮ ಕೆಲಸದಲ್ಲಿ ಬೆನ್ನ ಹಿಂದೆ ನಿಂತು ಕನ್ನಡಿಯಲ್ಲಿ ಕಾಣುವವರ ಜೊತೆ ಮಾತು, ಎದುರಿಗೆ ಕೂತು ಆಡಿ ಅಭ್ಯಾಸವೇ ಇಲ್ಲ. ಏನೂ ತೋಚದೆ ಎದ್ದು ಆಕೆಯ ಹಿಂದೆ ನಿಂತೆ, ಜಡೆ ಕೈಗೆ ತಗೊಂಡು, ತುದಿಯೆಲ್ಲ ಸೀಳಿಹೋಗಿದೆ, ತುಂಬ ಬಿಸಿ ನೀರು ಹಾಕಬೇಡಿ ಅಂದೆ. ಅಷ್ಟು ಸಾಕಾಯಿತು ನೋಡು. ಹೆರಿಗೆಯಾದ ಮೇಲೆ ಹಿಡಿ ಹಿಡಿ ಉದುರುತ್ತಿದೆ, ನಿದ್ದೆಯೂ ಇಲ್ಲ ಅಂತ ಆಕೆಯೇ ಶುರುಮಾಡಿದರು. ಆಕೆಯ ಕಷ್ಟ ಕೇಳಿ, ದುಡ್ಡೂ ನಾನೇ ಕೊಟ್ಟು ಬಂದೆ!

ಕಳೆದ ವಾರ ಆಕೆ ಮೊದಲು ಕ್ಷಮೆ ಕೇಳಿದರು. ಆಮೇಲೆ ತಮ್ಮ ಕುರ್ಚಿಯನ್ನು ಎತ್ತಿಕೊಂಡು ಬಂದು ನನ್ನ ಬೆನ್ನ ಹಿಂದೆ ಹಾಕಿಕೊಂಡು, ಗೋಡೆ ನೋಡಿಕೊಂಡೇ ಹೇಳಿ ಅಂದರು. ಅವತ್ತು ಏನೋ ಒಂದು ಮಾತು ಬಾಯಿಂದ ಬಂದುಬಿಟ್ಟಿತು. ಅದು ಬೇಡ ಬಿಡು.

ನಮ್ಮ ಯಜಮಾನರು ಹೋದ ಮೇಲೆ ರಜೆ ಬಂತೆಂದರೆ ಭಯವಾಗುತ್ತೆ ಅಕ್ಕ. ಬೆಳಗಿನಿಂದ ಒಂದು ಮಾತೂ ಆಡಿರುವುದಿಲ್ಲ, ಸಂಜೆ ಅಂಗಡಿಯಲ್ಲಿ ಬ್ರೆಡ್ ಕೇಳುವಾಗ ದನಿಯೇ ಹೊರಡುವುದಿಲ್ಲ. ದಿನಾ ಅಷ್ಟು ಜನರ ತಲೆ ಮುಟ್ಟುತ್ತೇನೆ, ನನ್ನ ತಲೆ ಮುಟ್ಟುವವರು ಯಾರೂ ಇಲ್ಲ. ನನ್ನ ಕೂದಲನ್ನೂ ನಾನೇ ಕತ್ತರಿಸಿಕೊಳ್ಳುತ್ತೇನೆ, ಹಿಂದೆಲ್ಲ ಸೊಟ್ಟಪಟ್ಟ. ನೋಡಿದವರು ಇವಳೆಂಥ ಪಾರ್ಲರಿನವಳು ಅಂದುಕೊಳ್ಳಬೇಕು.

ಒಟ್ಟಿನಲ್ಲಿ ನೀನು ಹೇಳಿದ್ದೇ ಸರಿ. ದುಡ್ಡು ದಂಡ. ಇನ್ನು ಬರುವುದಿಲ್ಲ ಅಂತ ಹೇಳಿಬಿಟ್ಟೆ. ನೀನು ನಿಶ್ಚಿಂತೆಯಿಂದಿರು, ಮಂಡಿನೋವಿಗೆ ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸಬೇಡ. ಪುಟಾಣಿಗೆ ಒಂದು ಮುತ್ತು.

ಎಂದೆಂದಿಗೂ ನಿನ್ನ,
ಗುಬ್ಬಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಬಿಟ್ಟೆ ಅಂದದ್ದು ಸುಳ್ಳು, ಗುರುವಾರ ಮತ್ತೆ ಹೋಗುತ್ತಿದ್ದೇನೆ. ಅವತ್ತು ಗೋಡೆ ನೋಡಿಕೊಂಡು ನಾನು ಅಂದದ್ದು ಇಷ್ಟು: "ಬೆಳಿಗ್ಗೆ ಎಚ್ಚರ ಆಗದೇ ಇದ್ರೆ ಸಾಕಪ್ಪಾ ಅನ್ಸುತ್ತೆ." ಮನೆಯವರಲ್ಲಿ ಯಾರಿಗೆ ತಿಳಿಸಲಿ ಅಂತ ಆಕೆ ಕೇಳಿದರು. ಇನ್ಯಾರಿದ್ದಾರೆ ನನಗೆ, ನಿನ್ನ ನಂಬರು ಕೊಟ್ಟಿದ್ದೇನೆ. ಫೋನ್ ಬಂದರೆ, ನಮ್ಮ ಗುಬ್ಬಿ ಚೆನ್ನಾಗೇ ಇದ್ದಾಳೆ ಅಂತ ಮಾತ್ರ ಹೇಳಬೇಡ ಅಕ್ಕ.